ಬೇರೆ ಪಾಠಶಾಲೆಯ ಉಪಕಾರವೂ ಅಪಕಾರವೂ

ಊರ ಪಾಠಶಾಲೆಯ ಬಾಗಿಲು ನಮ್ಮ ಹಿರಿಯರಿಗೆ ಮುಚ್ಚಿದ್ದ ಕಾಲದಲ್ಲಿ, ಅವರ ಮಕ್ಕಳಿಗೆಂದು ಬೇರೆ ಪಾಠಶಾಲೆಗಳನ್ನು ತೆರೆದರಷ್ಟೆ. ಅದಕ್ಕಾಗಿ ನಾವು ಕೃತಜ್ಞರಾಗಿರಬೇಕೋ, ದುಃಖಪಡಬೇಕೋ?

ಮೊದಲು ನಡೆದದ್ದನ್ನು ನೋಡೋಣ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಯು ಮಹಾರ ಹುಡುಗನೊಬ್ಬನನ್ನು ಜಾತಿಯ ನಿಮಿತ್ತ ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದನು. ನ್ಯಾಯವು ಅವನ ಕಡೆಗಿದೆಯೆಂದು ಒಪ್ಪಿಯೂ, ಒಬ್ಬನಿಗೋಸ್ಕರ ಉಳಿದವರು ಶಾಲೆ ಬಿಟ್ಟಾರೆಂದು ಸರಕಾರವು ಹಿಂಜರಿಯಿತು. ಇಂಥ ಕಾಲದಲ್ಲಿ, 1892ರಲ್ಲಿ, ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಮೈಸೂರು ಸಂಸ್ಥಾನದಲ್ಲಿಯೂ ಪಂಚಮರ ಶಾಲೆಗಳಿದ್ದವು. ಜಾತಿಯ ಕಾರಣದಿಂದ ಯಾವ ಮಗುವನ್ನೂ ಸರಕಾರಿ ಶಾಲೆಯಿಂದ ಹೊರಗಿಡಬಾರದೆಂದು 1915ರಲ್ಲಿ ಆಜ್ಞೆಯಾಯಿತು. ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರಗಳೂ ಆ ಸಂಸ್ಥಾನಕ್ಕೆ ಸೇರಿದ್ದರಿಂದ ಆಜ್ಞೆಯು ಇಲ್ಲಿಗೂ ಸಲ್ಲುತ್ತಿತ್ತು. ಆದರೆ ಆಜ್ಞೆ ಬಂದ ದಿನವೇ ಜನರ ಮನಸ್ಸು ತೆರೆಯಲಿಲ್ಲ.

ಇದೇ ಪ್ರಶ್ನೆ ಅಮೇರಿಕಾದ ಕರಿಯ ಜನರಿಗೂ ಇತ್ತು. 1870ರಲ್ಲಿ ವಾಷಿಂಗ್ಟನ್ ಪಟ್ಟಣದಲ್ಲಿ ಅವರಿಗಾಗಿ ಬೇರೆ ಹೈಸ್ಕೂಲು ಆರಂಭವಾಯಿತು. 1916ರಿಂದ ಅದಕ್ಕೆ ಡನ್ಬಾರ್ ಎಂಬ ಹೆಸರು. ಬಿಳಿಯರ ಕಾಲೇಜುಗಳು ಕರಿಯ ವಿದ್ವಾಂಸರಿಗೆ ಕೆಲಸ ಕೊಡದಿದ್ದ ಕಾರಣ, ಮಹಾ ಪಂಡಿತರೇ ಅಲ್ಲಿ ಉಪಾಧ್ಯಾಯರಾದರು. ಅನ್ಯಾಯವು ಹೊರಕ್ಕೆ ತಳ್ಳಿದವರಿಂದಲೇ ಆ ಶಾಲೆ ಬೆಳಗಿತು. ಅಲ್ಲಿ ಓದಿದ ಚಾರ್ಲ್ಸ್ ಹ್ಯೂಸ್ಟನ್ ಎಂಬವರು ವಕೀಲರಾಗಿ, ಬೇರೆ ಶಾಲೆಗಳ ಕಟ್ಟಳೆಯನ್ನೇ ಮುರಿಯಲು ಹೋರಾಡಿದರು. 1950ರಲ್ಲಿ ಅವರು ತೀರಿಹೋದರು. 1954ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಆ ಕಟ್ಟಳೆಯನ್ನು ತೆಗೆದುಹಾಕಿತು.

ಇದರಿಂದ ನಾವು ಕಲಿಯತಕ್ಕದ್ದೇನು? ದೀಪ ಹಚ್ಚಿದವನಿಗೆ ವಂದಿಸುವುದು ಒಂದು; ಕತ್ತಲೆಕೋಣೆಗೆ ನೂಕಿದವನಿಗೆ ವಂದಿಸುವುದು ಮತ್ತೊಂದು. ಉಪಾಧ್ಯಾಯರಿಗೆ ನಾವು ಋಣಿಗಳೇ ಹೊರತು ಗೋಡೆಗಲ್ಲ. ಬೇರೆ ಶಾಲೆಯು ಮಗುವಿಗೆ "ನಿನಗೆ ಇಷ್ಟೇ ಸಾಕು" ಎಂದು ಕಲಿಸಿದರೆ ಅದು ಗೋಡೆಯ ಸೇವಕ; "ಆ ಬಾಗಿಲೂ ನಿನ್ನದೇ" ಎಂದು ಕಲಿಸಿದರೆ ಅದು ಗೋಡೆಗೆ ಶತ್ರು. ಹ್ಯೂಸ್ಟನ್ನರ ಶಾಲೆ ಎರಡನೆಯ ಬಗೆಯದು.

ನಮ್ಮ ದೇಶದಲ್ಲಿ 1950ರಿಂದ ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಹೀಗಿರಲಾಗಿ ನಮಗೆ ಉಳಿದಿರುವ ಕೆಲಸವು ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ನಮ್ಮೂರ ಶಾಲೆಯ ಊಟದ ಪಂಕ್ತಿಯಲ್ಲಿ ಯಾರ ಮಗುವಾದರೂ ದೂರ ಕೂತಿದ್ದರೆ ಸುಮ್ಮನಿರಬಾರದು. ನಮ್ಮ ಮಗುವಾದರೆ ಮಾತ್ರ ಕೇಳುವೆವೆಂದರೆ, ಹಿರಿಯರ ದುಃಖದಿಂದ ನಾವು ಏನನ್ನೂ ಕಲಿಯಲಿಲ್ಲವೆಂದಾಯಿತು.