ಪ್ರಯತ್ನ ಮಾಡು ಎನ್ನುವ ಮುನ್ನ

ಪ ಹೇಳುವಾಗ ತುಟಿ ಮುಚ್ಚುತ್ತದೆ, ಮ ಹೇಳುವಾಗಲೂ ಮುಚ್ಚುತ್ತದೆ. ವ್ಯತ್ಯಾಸ ಗಾಳಿಯದು. ಮಕಾರಕ್ಕೆ ಅದು ಮೂಗಿನಿಂದ ಹೋಗುತ್ತದೆ. ಪಕಾರಕ್ಕೆ ಬಾಯೊಳಗೆ ತುಂಬಿ, ಒತ್ತಿ, ತುಟಿ ಒಡೆದು ಬರಬೇಕು. ತರಗತಿಯಲ್ಲಿ ಅನುನಾಸಿಕ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಸೀಳು ಅಂಗುಳದೊಡನೆ ಹುಟ್ಟಿದ ಮಗುವಿಗೋ, ಅಮ್ಮ ಎನ್ನುವುದು ಸುಲಭ, ಅಪ್ಪ ಎನ್ನುವುದು ಕಷ್ಟ.

ನನ್ನ ತಂಗಿಯ ಮಗಳಿಗೆ ವರ್ಷ ತುಂಬುವ ಹೊತ್ತಿಗೆ ಅಂಗುಳದ ಆಪರೇಷನ್ ಆಗಿತ್ತು. ಇನ್ನು ಮಾತು ತಾನಾಗಿ ಬರುತ್ತದೆ ಎಂದುಕೊಂಡೆವು. ನಾಲ್ಕಾದರೂ ಅಪ್ಪ ಎನ್ನುವಲ್ಲಿ ಎರಡು ಅಕಾರ, ನಡುವೆ ಗಂಟಲಲ್ಲೊಂದು ಸಣ್ಣ ಬಿಕ್ಕು. ಬಂದವರೆಲ್ಲ ಹೇಳುತ್ತಿದ್ದರು: "ಸರಿಯಾಗಿ ಹೇಳು ಪುಟ್ಟಿ, ಪ್ರಯತ್ನ ಮಾಡು." (ಗ್ರಹಣದ ದಿನ ತರಕಾರಿ ಹೆಚ್ಚಿದಳೆಂದು ತಂಗಿಯನ್ನು ದೂರಿದವರೂ ಇವರೇ.)

ಆ ಬಿಕ್ಕು ಸೋಮಾರಿತನವಲ್ಲ, ಜಾಣತನ ಎಂದು ನನಗೆ ತಿಳಿದದ್ದು ಸ್ಪೀಚ್ ಥೆರಪಿಸ್ಟ್ ವಿವರಿಸಿದಾಗ. ಮೇಲೆ ಗಾಳಿ ಸೋರುತ್ತಿದ್ದಾಗ ಮಗು ಅದನ್ನು ತನಗೆ ಸಾಧ್ಯವಿದ್ದ ಜಾಗದಲ್ಲಿ, ಗಂಟಲಲ್ಲಿ, ತಡೆದಿತ್ತು. ಸೀಳು ಮುಚ್ಚಿದ ಮೇಲೂ ರೂಢಿ ಉಳಿಯಿತು. ರೂಢಿಯನ್ನು ಬಿಡಿಸಬಹುದು: ಕನ್ನಡಿ ಮುಂದೆ ಕೂರಿಸಿ ತುಟಿಯ ಜಾಗ ತೋರಿಸಿ, ಮೊದಲು ಪಿಸುದನಿಯ ಪ, ಆಮೇಲೆ ಪಾ, ಆಮೇಲೆ ಅಪ್ಪ, ಕೊನೆಗೆ ವಾಕ್ಯ. ಬಲೂನು, ಪೀಪಿ ಊದಿಸುವುದರಿಂದ ಮಾತು ಬರುವುದಿಲ್ಲವಂತೆ. ಊದುವುದೇ ಬೇರೆ, ಉಚ್ಚಾರವೇ ಬೇರೆ.

ಆದರೆ ಇನ್ನೊಂದು ಬಗೆಯಿದೆ. ಕೆಲವು ಮಕ್ಕಳಲ್ಲಿ ಆಪರೇಷನ್ ನಂತರವೂ ಮೃದು ಅಂಗುಳ ಗಂಟಲ ಹಿಂಗೋಡೆಯನ್ನು ಮುಟ್ಟುವುದಿಲ್ಲ. ಗಾಳಿ ಸೋರುತ್ತಲೇ ಇರುತ್ತದೆ. ಅಲ್ಲಿ ಎಷ್ಟು ಅಭ್ಯಾಸ ಮಾಡಿಸಿದರೂ ಸೋರುವುದು ನಿಲ್ಲದು. ಮತ್ತೊಂದು ಶಸ್ತ್ರಚಿಕಿತ್ಸೆಯೋ ಬಾಯಲ್ಲಿಡುವ ಸಾಧನವೋ ಬೇಕು. ನಮ್ಮ ಕಿವಿಗೆ ಎರಡೂ ಬರೀ "ತೊದಲು". ಯಾವುದು ಯಾವುದೆಂದು ಪರೀಕ್ಷಿಸಿ ಹೇಳಬಲ್ಲವರಿದ್ದಾರೆ. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳಿಗೆಂದೇ ಒಂದು ಘಟಕವಿದೆ.

ನನ್ನನ್ನು ಕಾಡುವುದು ಇದೇ. "ಪ್ರಯತ್ನ ಮಾಡು" ಎಂಬ ಮಾತಿನ ಹೊಟ್ಟೆಯಲ್ಲಿ "ನಿನಗೆ ಸಾಧ್ಯವಿದೆ" ಎಂಬ ತೀರ್ಪು ಕೂತಿದೆ. ಅದನ್ನು ವಿಚಾರಿಸದೆ ಹೇಳಿದರೆ, ಬೆರಳಗಲದ ಮಾಂಸದ ಕೊರತೆಯನ್ನು ಮಗುವಿನ ಸ್ವಭಾವದ ದೋಷವಾಗಿಸುತ್ತೇವೆ. ಹಾಗೆಂದು "ಪಾಪ, ಹುಟ್ಟಿನಿಂದ ಬಂದದ್ದು, ಬಿಡಿ" ಎನ್ನುವುದೂ ನ್ಯಾಯವಲ್ಲ. ಕಲಿಯಬಲ್ಲ ಮಗುವಿನ ಪಾಲಿನ ಅವಕಾಶವನ್ನು ಅದು ಕರುಣೆಯ ಹೆಸರಲ್ಲಿ ಕಿತ್ತುಕೊಳ್ಳುತ್ತದೆ. ಎರಡರಲ್ಲೂ ವಿಚಾರಿಸುವ ಶ್ರಮವನ್ನು ನಾವು ತಪ್ಪಿಸಿಕೊಂಡಿದ್ದೇವೆ.

ಮಗುವನ್ನೇಕೆ ತಿದ್ದಬೇಕು, ಕೇಳುವವರು ಕಿವಿ ತಿದ್ದಿಕೊಳ್ಳಲಿ ಎಂದು ನನ್ನ ವಿದ್ಯಾರ್ಥಿಯೊಬ್ಬ ವಾದಿಸಿದ. ಅರ್ಧ ಒಪ್ಪುತ್ತೇನೆ. ಅಕಾರ ಹಕಾರ ಅದಲುಬದಲಾದರೇ ನಗುವ ಜನ ನಾವು. ಆದರೆ ಅಮ್ಮನಿಗೆ ಮಾತ್ರ ಅರ್ಥವಾಗುವ ಮಾತಿನಿಂದ ಅಂಗಡಿಗೆ ಹೋಗಿ ಪೆನ್ಸಿಲ್ ಕೇಳಲಾಗದು. ಅವಳಿಗೆ ಅಂಗಡಿಗೆ ಒಬ್ಬಳೇ ಹೋಗಬೇಕು. ಅದನ್ನು ಅವಳೇ ಹೇಳಿದ್ದಾಳೆ, ತನ್ನ ಉಚ್ಚಾರದಲ್ಲೇ.

ಥೆರಪಿಸ್ಟ್ ಹಾಕಿದ ಕರಾರು: ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಅಭ್ಯಾಸ. ಮಿಕ್ಕ ಹೊತ್ತು ಮಗು ಹೇಗೆ ಹೇಳಿತು ಎನ್ನುವುದಲ್ಲ, ಏನು ಹೇಳಿತು ಎಂದು ಕೇಳಬೇಕು. ತಂಗಿಗೆ ಕಷ್ಟವಾಗಿರುವುದು ಈ ಎರಡನೆಯದು. ಮೊನ್ನೆ ಮಗಳು ಓಡಿಬಂದು ಬೆಕ್ಕು ಹಾಲು ಕುಡಿದ ಸುದ್ದಿ ಹೇಳಿದಳು. ಬೆಕ್ಕಿನ ಬಕಾರ ಗಂಟಲಲ್ಲೇ ಉಳಿದಿತ್ತು. ತಂಗಿ ಬಾಯಿ ತೆರೆದಳು, ಮುಚ್ಚಿದಳು, ಆಮೇಲೆ ಕೇಳಿದಳು: "ಹೌದಾ? ಪೂರ್ತಿ ಕುಡಿದುಬಿಡ್ತಾ?"