ಅನ್ನವನ್ನು ಹೆಚ್ಚಿಸುವ ವ್ರತ

ಇನ್ನೊಬ್ಬರ ಬಾಳೆಲೆಯ ಮೇಲೆ ಏನಿರಬೇಕೆಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಧರ್ಮಶಾಸ್ತ್ರವಾಗಲಿ ಸರ್ಕಾರಿ ಇಲಾಖೆಯಾಗಲಿ ಹೆಚ್ಚಾಗಿ ಕೇಳಿಕೊಳ್ಳುವುದಿಲ್ಲ. ಅಧಿಕಾರ ತಮ್ಮದೆಂದೇ ಎರಡೂ ಮಾತು ಆರಂಭಿಸುತ್ತವೆ. 2018ರಲ್ಲಿ ಆರಂಭವಾದ ಪೋಷಣ್ ಅಭಿಯಾನವು ಪ್ರೋತ್ಸಾಹಿಸುವ ಪೌಷ್ಟಿಕ ಕೈತೋಟ, ಎಂದರೆ ತಾಯಂದಿರಿಗೂ ಮಕ್ಕಳಿಗೂ ಸೊಪ್ಪು ತರಕಾರಿಗಳ ಬಳಕೆಯನ್ನು ರೂಢಿಸಲು ಅಂಗನವಾಡಿಯಂಥ ಕಡೆ ಮಾಡುವ ಸಣ್ಣ ತೋಟ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರದು, ಏಕೆಂದರೆ ಉಣ್ಣುವ ಬಿಡುವ ನಿಯಮಗಳು ಇಲ್ಲಿ ಮೊದಲೇ ದಟ್ಟವಾಗಿವೆ.

ಮಾಧ್ವರ ಚಾತುರ್ಮಾಸ್ಯ, ಅಂದರೆ ಆಷಾಢದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳ ವ್ರತಕಾಲ, ಕಾಯಿಪಲ್ಯ ಬಿಡುವ ಶಾಕವ್ರತದಿಂದ ಮೊದಲಾಗಿ ಮೊಸರು, ಹಾಲು, ದ್ವಿದಳ ಧಾನ್ಯಗಳನ್ನು ತಿಂಗಳಿಗೊಂದರಂತೆ ಬಿಡುತ್ತ ಸಾಗುತ್ತದೆ. ಅದೇ ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಗಂಗೊಳ್ಳಿಯ ಬಂದರಿನಲ್ಲಿ ಬೋಟುಗಳು ದಡ ಬಿಡುವುದಿಲ್ಲ. ಹೀಗೆ ಊಟದಲ್ಲಿ ಏನಾದರೊಂದನ್ನು ಒಬ್ಬರು ನೇಮದಿಂದ, ಇನ್ನೊಬ್ಬರು ಕಾನೂನಿನಿಂದ, ಮತ್ತೊಬ್ಬರು ಬಡತನದಿಂದ ಬಿಡುತ್ತಾರೆ. ಆದರೆ ಇದ್ದದ್ದನ್ನು ಬಿಟ್ಟಾಗ ಮಾತ್ರ ಅದು ವ್ರತ, ಇಲ್ಲದ್ದನ್ನು ಬಿಡುವುದು ಬರಿಯ ಕೊರತೆ.

ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ ಇಲ್ಲಿ ನೆರವಿಗೆ ಬರುತ್ತದೆ. ತಂದೆ ವರುಣನು ಬ್ರಹ್ಮವೆಂದರೇನೆಂಬುದನ್ನು ತಪಸ್ಸಿನಿಂದ ತಿಳಿ ಎಂದು ಕಳುಹಿಸಿದಾಗ ಭೃಗುವಿಗೆ ಮೊದಲು ಹೊಳೆದದ್ದು ಅನ್ನ. ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಅವನು ಆನಂದವನ್ನು ಮುಟ್ಟಿದ ಮೇಲೂ ಗ್ರಂಥ ಅಲ್ಲಿಗೆ ಮುಗಿಯದೆ ಮತ್ತೆ ಅನ್ನಕ್ಕೇ ಹಿಂದಿರುಗಿ, ಅದನ್ನು ನಿಂದಿಸಬಾರದು, ತಿರಸ್ಕರಿಸಬಾರದು, ಹೆಚ್ಚಿಸಬೇಕು ಎಂಬ ನಿಯಮಗಳನ್ನು ವ್ರತವೆಂದೇ ಕರೆಯುತ್ತದೆ. ಪೌಷ್ಟಿಕ ಕೈತೋಟಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಿಕ್ಕಿಲ್ಲ. ಮನೆಯ ಕುಚ್ಚಲಕ್ಕಿ ಗಂಜಿಯನ್ನೂ ಮೀನುಸಾರನ್ನೂ ಹೀಗಳೆದು ಆರಂಭಿಸುವ ಉಪದೇಶ, ಅದೆಷ್ಟೇ ವೈಜ್ಞಾನಿಕವಾಗಿರಲಿ, ಮೊದಲ ನಿಯಮದಲ್ಲೇ ಎಡವುತ್ತದೆ. ಭತ್ತವನ್ನು ಬೇಯಿಸಿ ಒಣಗಿಸಿದ ಕುಚ್ಚಲಕ್ಕಿಯಲ್ಲಿ ಬಿಳಿಯ ಬೆಳ್ತಿಗೆ ಅಕ್ಕಿಗಿಂತ ಬಿ ಜೀವಸತ್ವ ಹೆಚ್ಚು ಉಳಿಯುವುದರಿಂದ ಆ ಉಪದೇಶ ವಿಜ್ಞಾನದಲ್ಲೂ ಎಡವುತ್ತದೆನ್ನಬೇಕು. ಅದೇ ಗಂಜಿಯ ಪಕ್ಕಕ್ಕೆ ಹರಿವೆ ಪಲ್ಯವೊಂದನ್ನು ಸೇರಿಸುವ ತೋಟವಾದರೋ ಅನ್ನವನ್ನು ಹೆಚ್ಚಿಸುತ್ತದೆ.

ನುಗ್ಗೆಯ ಪ್ರಸಂಗ ಇಷ್ಟು ಸುಲಭವಲ್ಲ. ಕಬ್ಬಿಣ, ಕ್ಯಾಲ್ಸಿಯಂಗಳಿಗಾಗಿ ಆರೋಗ್ಯ ಕಾರ್ಯಕರ್ತೆಯರು ಶಿಫಾರಸು ಮಾಡುವ ಈ ಸೊಪ್ಪು ಸಂಪ್ರದಾಯನಿಷ್ಠ ಮಾಧ್ವ ಮನೆಗಳಲ್ಲಿ ನಿಷಿದ್ಧ. ಅಂಥ ಮನೆಯ ಗರ್ಭಿಣಿಗೆ ನಿಷೇಧವೇ ಮೂಢನಂಬಿಕೆಯೆಂದು ವಾದಿಸುವುದಕ್ಕಿಂತ, ಹಿತ್ತಲಲ್ಲಿ ಬೆಳೆದ ಹರಿವೆಯನ್ನು ತೋರಿಸುವುದು ವಿವೇಕ. ನಿಷೇಧವನ್ನು ಉಳಿಸುವ ಬಿಡುವ ತೀರ್ಮಾನ ಉಣ್ಣುವವಳದು, ಅವಳ ಮುಂದೆ ಆಯ್ಕೆ ಇರುವಂತೆ ನೋಡಿಕೊಳ್ಳುವುದಷ್ಟೇ ಕಲಿಸುವವರ ಕೆಲಸ.

ಆಯ್ಕೆ ತೀರ ಕಡಿಮೆಯಿರುವುದು ಆಷಾಢದಲ್ಲೇ. ಕರಾವಳಿಯ ಜಡಿಮಳೆಗೆ ಹರಿವೆಯ ಸಸಿ ಕೊಳೆಯುತ್ತದೆ, ಮೀನೂ ತುಟ್ಟಿ. ಆಗ ಯಾರೂ ಬಿತ್ತದೆ ಬೇಲಿಬದಿಯಲ್ಲಿ ಏಳುವ ಚಗಟೆ ಸೊಪ್ಪು, ಅಕ್ಕಿ ಹುಣಸೆ ಅರೆದು ಬಳಿದು ಸುರುಳಿ ಸುತ್ತಿ ಪತ್ರೊಡೆ ಮಾಡುವ ಕೆಸುವಿನೆಲೆ (ಹುಣಸೆ ರುಚಿಗಷ್ಟೇ ಅಲ್ಲ, ಎಲೆಯ ತುರಿಕೆ ಅಡಗಿಸಲಿಕ್ಕೂ ಬೇಕು) ಇವೇ ಗತಿ. ಇವೆರಡನ್ನೂ ಕಳೆಯೆಂದು ಕಿತ್ತು ಸಾಲಾಗಿ ಬೆಂಡೆ, ಟೊಮೆಟೊ ನೆಟ್ಟ ಕೈತೋಟಗಳು ನೋಡಲು ಅಚ್ಚುಕಟ್ಟು. ಆದರೆ ತಾಯಂದಿರಿಗೆ ತೋಟ ಅತ್ಯಂತ ಬೇಕಾದ ತಿಂಗಳಲ್ಲಿ ಅವುಗಳಲ್ಲಿ ಕೊಯ್ಯಲು ಏನೂ ಇರುವುದಿಲ್ಲ.