ಕೊಟ್ಟುಬಿಡುವ ಸೈಕಲ್ಲಿನ ಬ್ರೇಕು

ನಾವು ಬೆಳೆದ ಮನೆಯಲ್ಲಿ ಏನನ್ನೂ ಬಿಸಾಡುತ್ತಿರಲಿಲ್ಲ. ಅಬ್ಬಾನ ಸೈಕಲ್ಲಿಗೆ ಇದ್ದದ್ದು ಕಬ್ಬಿಣದ ಕಡ್ಡಿಯ ಬ್ರೇಕು. ರಬ್ಬರು ಸವೆದರೆ ಮೂಲೆಯ ಅಂಗಡಿಯಲ್ಲಿ ಹೊಸದು ಸಿಗುತ್ತಿತ್ತು. ರಿಪೇರಿ ಮಾಡಿಸುವುದು ಒಳ್ಳೆಯತನ, ಬದಲಾಯಿಸುವುದು ದುಂದುವೆಚ್ಚ ಎಂದೇ ನಂಬಿ ನಾವು ದೊಡ್ಡವರಾದೆವು. ಮಗನ ಹಳೆಯ ಸೈಕಲ್ಲಿನ ಡಿಸ್ಕ್ ಬ್ರೇಕು ಈ ನಂಬಿಕೆಯನ್ನು ಅಲುಗಾಡಿಸಿತು.

ಮುಂದಿನ ಬ್ರೇಕಿನ ಹಿಡಿ ಹ್ಯಾಂಡಲ್ಲಿಗೆ ತಾಗುವಷ್ಟು ಒತ್ತಿದರೂ ಗಾಲಿ ನಿಲ್ಲುತ್ತಿರಲಿಲ್ಲ. ಮೋಟಾರ್ ಬೈಕ್ ಗ್ಯಾರೇಜೊಂದರಲ್ಲಿ ಬ್ರೇಕ್ ಆಯಿಲ್ ತುಂಬಿಸಿಕೊಂಡು ಬಂದೆವು. ಅಗ್ಗದಲ್ಲಿ ಮುಗಿಯಿತೆಂದು ಒಳಗೊಳಗೇ ಬೀಗಿದ್ದೂ ಉಂಟು. ಕೆಲವೇ ವಾರಗಳಲ್ಲಿ ಎಣ್ಣೆ ಜಿನುಗತೊಡಗಿತು. ಸೈಕಲ್ ಮಿಸ್ತ್ರಿ ನೋಡಿದವರೇ ಹಣೆ ಚಚ್ಚಿಕೊಂಡರು.

"ಇದು ಮಿನರಲ್ ಆಯಿಲ್ ಬ್ರೇಕು ಸಾಹೇಬ್ರೆ. ಬೈಕಿನ ಡಾಟ್ ಎಣ್ಣೆ ಹಾಕಿದ್ರೆ ಒಳಗಿನ ರಬ್ಬರ್ ಸೀಲು ಉಬ್ಬಿ ಕೆಟ್ಟೋಗುತ್ತೆ. ಹಿಡಿ ಮೇಲೇ ಬರೆದಿದೆಯಲ್ಲ!"

ಓದುವುದು ಬರೆಯುವುದೇ ಕಸುಬಾದ ನಾವು ಅದನ್ನು ಓದಿರಲಿಲ್ಲ.

ಡಿಸ್ಕ್ ಇನ್ನೂ ಚೆನ್ನಾಗಿತ್ತು. ಹೊಸದಿದ್ದಾಗ ಸುಮಾರು 1.8 ಮಿ.ಮೀ. ದಪ್ಪವಿರುವ ಇಂಥ ತಟ್ಟೆಯನ್ನು 1.5ಕ್ಕೆ ಇಳಿಯುವವರೆಗೂ ಬಳಸಬಹುದಂತೆ. ಎಣ್ಣೆ ಕುಡಿದ ಪ್ಯಾಡುಗಳನ್ನು ಮಾತ್ರ ಎಸೆಯಲೇಬೇಕು. ಉಜ್ಜಿದರೂ ಸುಟ್ಟರೂ ಅವನ್ನು ನಂಬುವಂತಿಲ್ಲ. ಉಳಿದದ್ದು ಸೀಲು. ಒಂದು ಚಿಕ್ಕ ರಬ್ಬರ್ ಬಳೆ! ಆದರೆ ಆ ಮಾದರಿಗೆ ಅದನ್ನು ಬಿಡಿಯಾಗಿ ಮಾರುವುದಿಲ್ಲ, ಇಡೀ ಕ್ಯಾಲಿಪರನ್ನೇ ಕೊಳ್ಳಬೇಕು. ಇಂಗ್ಲೆಂಡಿನ ಹೋಪ್ ಕಂಪನಿ ತನ್ನ ಬ್ರೇಕುಗಳಿಗೆ ಸೀಲು, ಪಿಸ್ಟನ್‌ಗಳನ್ನು ಬಿಡಿಯಾಗಿಯೇ ಮಾರುತ್ತದೆ. ಅಂದಮೇಲೆ ಇದು ಆಗದ ಕೆಲಸವೇನಲ್ಲ, ಮನಸ್ಸಿನ ಪ್ರಶ್ನೆ. ನಮ್ಮ ಜಿಪುಣತನವನ್ನು ಕಂಪನಿಯ ತಲೆಗೆ ಕಟ್ಟಲು ಇದೊಂದು ಒಳ್ಳೆಯ ನೆಪವೂ ಆಯಿತು.

ಆಗ ನಮಗೊಂದು ಉಪಾಯ ಹೊಳೆಯಿತು. ಮಗನಿಗೆ ಹೊಸ ಸೈಕಲ್ ಕೊಡಿಸುವುದು, ಇದನ್ನು ಪೇಪರ್ ಹಾಕುವ ಹುಡುಗನಿಗೆ ಕೊಟ್ಟುಬಿಡುವುದು. ಹಿಂದಿನ ಬ್ರೇಕು ಹೇಗೂ ಇದೆ. ದಾನವೂ ಆಯಿತು, ರಿಪೇರಿಯ ಖರ್ಚೂ ಉಳಿಯಿತು.

"ನನಗೆ ಸಾಲದ ಬ್ರೇಕು ಅವನಿಗೆ ಸಾಕಾಗುತ್ತಾ ಅಬ್ಬಾ?" ಎಂದ ಮಗ.

ನಮಗೆ ಉತ್ತರ ತೋಚಲಿಲ್ಲ. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಅದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಮುಂಜಾನೆಯ ಕತ್ತಲಲ್ಲಿ ಇಳಿಜಾರಿನಲ್ಲಿ ಹೋಗುವ ಹುಡುಗನಿಗೆ ಅದನ್ನು ದಾಟಿಸಿ ಪುಣ್ಯದ ಲೆಕ್ಕ ಬರೆದುಕೊಳ್ಳಲು ಹೊರಟಿದ್ದೆವು. ನಮ್ಮ ಜೀವದ ಮೇಲೆ ನಾವು ಉಳಿತಾಯ ಮಾಡಿಕೊಂಡರೆ ಅದು ಮೂರ್ಖತನ, ಇರಲಿ. ಇನ್ನೊಬ್ಬರ ಜೀವದ ಮೇಲೆ ಮಾಡುವ ಉಳಿತಾಯವನ್ನು ಮಿತವ್ಯಯ ಎನ್ನಬಹುದೇ? ಹರಿದ ಅಂಗಿ ಕೊಟ್ಟರೆ ಪಡೆದವನಿಗೆ ಅದರ ಹರುಕು ಕಾಣುತ್ತದೆ. ಬ್ರೇಕಿನ ದೋಷ ಕಾಣುವುದಿಲ್ಲ.

ಮಿಸ್ತ್ರಿಯೇ ದಾರಿ ತೋರಿಸಿದರು. ಡಿಸ್ಕ್ ಹಾಗೇ ಇರಲಿ, ಎಣ್ಣೆಯ ಬದಲು ತಂತಿಯಿಂದ ಎಳೆಯುವ ಕ್ಯಾಲಿಪರು, ಅದಕ್ಕೊಪ್ಪುವ ಹಿಡಿ, ಹೊಸ ಪ್ಯಾಡು. ತಂತಿ ಸಡಿಲವಾದರೆ ಯಾವ ಅಂಗಡಿಯವನೂ ಬಿಗಿ ಮಾಡಿಕೊಡುತ್ತಾನೆ. ಹಿಡಿತ ತುಸು ಗಟ್ಟಿ, ಅಷ್ಟೇ.

ಕೆಲಸ ಮುಗಿದ ಮೇಲೆ ಮಗನೇ ಮೊದಲು ಸೈಕಲ್ ಹತ್ತಿ ಇಳಿಜಾರಿನಲ್ಲಿ ಬಿಟ್ಟ. ನಾವು ಕೆಳಗೆ ನಿಂತು ನೋಡುತ್ತಿದ್ದೆವು.